ಫಿಲಡೆಲ್ಫಿಯಾದ ಹಳೆಯ ಹಾದಿಯಲ್ಲಿ ಆಮಿಶರ ಬಗ್ಗಿಗಳು

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲ್ಯಾಂಕಾಸ್ಟರ್ ನಗರದಿಂದ ಪೂರ್ವಕ್ಕೆ ಹೊರಟರೆ ಎರಡು ರಸ್ತೆಗಳು ಕೆಲವೇ ಮೈಲಿಗಳ ಅಂತರದಲ್ಲಿ ಅಕ್ಕಪಕ್ಕವಾಗಿ ಸಾಗುತ್ತವೆ. ದಕ್ಷಿಣದ್ದು ರೂಟ್ 30. ಉತ್ತರದ್ದು ರೂಟ್ 340, ಅಂದರೆ ಓಲ್ಡ್ ಫಿಲಡೆಲ್ಫಿಯಾ ಪೈಕ್. ಕಾರು ಇಟ್ಟುಕೊಳ್ಳದೆ ಬಗ್ಗಿಯಲ್ಲಿ, ಅಂದರೆ ಕುದುರೆ ಎಳೆಯುವ ಹಗುರ ಗಾಡಿಯಲ್ಲಿ, ಓಡಾಡುವ ಕ್ರೈಸ್ತ ಪಂಥದವರಾದ ಆಮಿಶರ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅವರ ಉಡುಪಿನಿಂದಲೋ ವಿದ್ಯುತ್ ತಂತಿಯಿಲ್ಲದ ಮನೆಗಳಿಂದಲೋ ಆರಂಭಿಸುತ್ತಾರೆ. ಅವರ ಬದುಕಿನ ಕ್ರಮ ನನಗೆ ಅರ್ಥವಾದದ್ದು ಈ ರಸ್ತೆಗಳ ಮೂಲಕ.

ಉತ್ತರದ ಹಾದಿ ವಸಾಹತು ಕಾಲದ್ದು, 1730ರ ದಶಕದ್ದು. ನಾಲ್ಕರಿಂದ ಆರು ಕುದುರೆಗಳು ಎಳೆಯುತ್ತಿದ್ದ ಭಾರೀ ಕನೆಸ್ಟೋಗಾ ಗಾಡಿಗಳು ಈ ಸೀಮೆಯ ಫಸಲನ್ನು ಫಿಲಡೆಲ್ಫಿಯಾದ ಮಾರುಕಟ್ಟೆಗೆ ಸಾಗಿಸುತ್ತಿದ್ದವು. ಗಾಡಿಯವರು ತಂಗುತ್ತಿದ್ದ ಛತ್ರಗಳ ಸುತ್ತ ಊರುಗಳು ಬೆಳೆದವು. ಬರ್ಡ್-ಇನ್-ಹ್ಯಾಂಡ್ ಎಂಬ ಊರಿಗೆ ಆ ಹೆಸರು ಬಂದದ್ದು ಅಂಥ ಒಂದು ಛತ್ರದ ಚಿತ್ರಫಲಕದಿಂದಲೇ. 1790ರ ದಶಕದಲ್ಲಿ ಖಾಸಗಿ ಕಂಪನಿಯೊಂದು ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರ್‌ವರೆಗೆ 62 ಮೈಲಿ ಉದ್ದದ, ಜಲ್ಲಿಕಲ್ಲು ಹಾಸಿದ ಸುಂಕದ ರಸ್ತೆಯನ್ನು ನಿರ್ಮಿಸಿದಾಗ ದೂರದ ಸಂಚಾರ ಅತ್ತ ಹೊರಳಿತು. ಆ ಹೊಸ ಹಾದಿಯೇ ಮುಂದೆ, 1913ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಗೊತ್ತುಪಡಿಸಿದ ಲಿಂಕನ್ ಹೈವೇಯ ಭಾಗವಾಯಿತು. ಇಂದು ರೂಟ್ 30 ಆಗಿರುವ ಅದರ ಇಕ್ಕೆಲಗಳಲ್ಲಿ ಮೋಟೆಲ್‌ಗಳು, ರಿಯಾಯಿತಿ ಮಳಿಗೆಗಳು ತುಂಬಿಕೊಂಡಿವೆ. ಹಳೆಯ ಹಾದಿ ಮಾತ್ರ ಬಹುಮಟ್ಟಿಗೆ ಹೊಲಗಳ ನಡುವೆಯೇ ಉಳಿಯಿತು.

1693ರಲ್ಲಿ ಯಾಕೋಬ್ ಅಮ್ಮಾನ್‌ನ ನೇತೃತ್ವದಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಪ್ರದೇಶದ ಅನಬ್ಯಾಪ್ಟಿಸ್ಟರಿಂದ, ಅಂದರೆ ವಯಸ್ಕರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಕ್ರೈಸ್ತರಿಂದ, ಬೇರ್ಪಟ್ಟ ಆಮಿಶರು, ವಿಲಿಯಂ ಪೆನ್ ಸ್ಥಾಪಿಸಿದ ಪೆನ್ಸಿಲ್ವೇನಿಯಾ ವಸಾಹತಿನಲ್ಲಿ ಧರ್ಮಸ್ವಾತಂತ್ರ್ಯವಿದ್ದ ಕಾರಣ ಹದಿನೆಂಟನೆಯ ಶತಮಾನದ ಮೊದಲಾರ್ಧದಲ್ಲಿ ಇಲ್ಲಿಗೆ ಬರತೊಡಗಿದರು. ಆಗ ಎಲ್ಲರೂ ಕುದುರೆಯ ವೇಗದಲ್ಲೇ ಸಾಗುತ್ತಿದ್ದರು. ಕಾರು ಬಂದ ಮೇಲೂ ಆಮಿಶರು ಆ ವೇಗವನ್ನು ಯೋಚಿಸಿಯೇ ಉಳಿಸಿಕೊಂಡರು, ಮತ್ತು ಅದಕ್ಕೆ ಗಟ್ಟಿಯಾದ ಕಾರಣವಿತ್ತು. ಅವರಿಗೆ ಚರ್ಚ್ ಕಟ್ಟಡಗಳಿಲ್ಲ. ಸುಮಾರು ಇಪ್ಪತ್ತೈದು ಮೂವತ್ತು ಕುಟುಂಬಗಳ ಒಂದೊಂದು ಚರ್ಚ್ ವಲಯವು ಎರಡು ವಾರಕ್ಕೊಮ್ಮೆ ಭಾನುವಾರ ಸದಸ್ಯರಲ್ಲೊಬ್ಬರ ಮನೆಯಲ್ಲಿ ಆರಾಧನೆಗೆ ಸೇರುತ್ತದೆ. ಕೂರುವ ಬೆಂಚುಗಳು ಕೂಡ ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ಬಗ್ಗಿ ಗಂಟೆಗೆ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿ ಓಡುವುದರಿಂದ ಇವರೆಲ್ಲ ಒಬ್ಬರಿಗೊಬ್ಬರು ಹತ್ತಿರವೇ ನೆಲೆಸಬೇಕಾಗುತ್ತದೆ. ಬಾಡಿಗೆ ಕೊಟ್ಟು ಬೇರೆಯವರ ಕಾರಿನಲ್ಲಿ ಕೂರಲು ಅಡ್ಡಿಯಿಲ್ಲ, ಕಾರನ್ನು ಸ್ವಂತಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂಬ ನಿಯಮವನ್ನು ಹಲವರು ಆಷಾಢಭೂತಿತನವೆಂದು ಗೇಲಿ ಮಾಡುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ: ಅಂಗಳದಲ್ಲಿ ಕಾರು ನಿಂತಿದ್ದರೆ ನೆರೆಹೊರೆಯನ್ನು ದಾಟಿ ಹೋಗುವುದು ದಿನನಿತ್ಯದ ಅಭ್ಯಾಸವಾಗುತ್ತದೆ, ಬಾಡಿಗೆಯ ಕಾರಿನಲ್ಲಿ ಅದು ಅಷ್ಟು ಸುಲಭವಲ್ಲ.

ಬಗ್ಗಿಯನ್ನು ಹತ್ತಿರದಿಂದ ನೋಡಿದರೆ ಅದೇನೂ ಪಳೆಯುಳಿಕೆಯಲ್ಲ ಎಂದು ತಿಳಿಯುತ್ತದೆ. ಲ್ಯಾಂಕಾಸ್ಟರ್‌ನಲ್ಲಿ ಅದರ ಮೇಲ್ಛಾವಣಿ ಬೂದು ಬಣ್ಣದ್ದು. ಹಿಂಬದಿಯಲ್ಲಿ ನಿಧಾನಗತಿಯ ವಾಹನವೆಂದು ಸೂಚಿಸುವ ಕಿತ್ತಳೆ ತ್ರಿಕೋನ, ಬ್ಯಾಟರಿಯಿಂದ ಉರಿಯುವ ದೀಪಗಳು, ಇಂಡಿಕೇಟರ್‌ಗಳು, ಜೊತೆಗೆ ಬ್ರೇಕು. ಎಳೆಯುವ ಕುದುರೆ ಎಷ್ಟೋ ಸಲ ರೇಸಿನಿಂದ ನಿವೃತ್ತವಾದ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯದು. ಡಾಂಬರಿನ ಮೇಲೆ ಜಾರದಂತೆ ಲಾಳಕ್ಕೆ ಗಟ್ಟಿ ಲೋಹವನ್ನು ಕೂಡಿಸುವುದುಂಟು. ಬಗ್ಗಿಗಳು ಸದಾ ಓಡಾಡುವ ಕಡೆ ರಸ್ತೆಯ ಮೇಲ್ಮೈ ಸವೆದಿರುವುದು ಇದರಿಂದಲೇ. ಬೇರೆ ನೆಲೆಗಳಲ್ಲಿ ಬಣ್ಣ ಬೇರೆ: ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಕಪ್ಪು, ಪೆನ್ಸಿಲ್ವೇನಿಯಾದ್ದೇ ಆದ ಬಿಗ್ ವ್ಯಾಲಿ ಕಣಿವೆಯಲ್ಲಿ ಪಂಗಡಕ್ಕೆ ತಕ್ಕಂತೆ ಹಳದಿ, ಬಿಳಿ ಮತ್ತು ಕಪ್ಪು.

ಈಗಿನ ಒತ್ತಡ ಜಮೀನಿನದು. ಆಮಿಶರ ಜನಸಂಖ್ಯೆ ಸುಮಾರು ಇಪ್ಪತ್ತು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತಿರುವಾಗ ಲ್ಯಾಂಕಾಸ್ಟರ್‌ನ ಹೊಲಗಳ ಬೆಲೆ ಎಳೆಯ ದಂಪತಿಗಳಿಗೆ ಎಟುಕದಂತಾಗಿದೆ. ಕೆಲವರು ಮರಗೆಲಸಕ್ಕೂ ಕಟ್ಟಡದ ಕೆಲಸಕ್ಕೂ ಇಳಿದಿದ್ದಾರೆ, ಕೆಲವರು ಕೆಂಟಕಿ, ನ್ಯೂಯಾರ್ಕ್, ವಿಸ್ಕಾನ್ಸಿನ್ ರಾಜ್ಯಗಳಲ್ಲಿ ಅಗ್ಗದ ಜಮೀನು ಹುಡುಕಿ ವಲಸೆ ಹೋಗಿದ್ದಾರೆ. ಇನ್ನೊಂದೆಡೆ, ನಿಧಾನದ ಬದುಕನ್ನು ನೋಡಲೆಂದೇ ಬರುವ ಪ್ರವಾಸಿಗರ ಕಾರುಗಳು ಹಳೆಯ ಹಾದಿಯಲ್ಲಿ ಬಗ್ಗಿಗಳ ಹಿಂದೆ ಸಾಲುಗಟ್ಟುತ್ತವೆ. ಅವರಲ್ಲಿ ತಾಳ್ಮೆಗೆಟ್ಟು ತಿರುವಿನಲ್ಲೇ ಓವರ್‌ಟೇಕ್ ಮಾಡುವವರೂ ಇದ್ದಾರೆ, ಕಿಟಕಿಯಿಂದ ಕ್ಯಾಮೆರಾ ಚಾಚಿ ಮುಖದ ಚಿತ್ರ ತೆಗೆಯುವವರೂ ಇದ್ದಾರೆ. ಚಿತ್ರಕ್ಕೆ ಮುಖವೊಡ್ಡುವುದನ್ನು ಆಮಿಶರು ಅಹಂಕಾರದ ಕುರುಹೆಂದು ದೂರವಿಡುತ್ತಾರೆ ಎಂಬುದು ಗೊತ್ತಿದ್ದೂ ಹೀಗೆ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.