ಅಂಥ ಮಾತು ಎತ್ತಿದರೆ ಅಪಾಯ ಅಲ್ವಾ?

ವಯಸ್ಸಾದವರಲ್ಲಿ ಆತ್ಮಹತ್ಯೆಯ ಅಪಾಯದ ಬಗ್ಗೆ ಸಂಶೋಧನೆ ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಇದನ್ನೇ: "ಅಜ್ಜ ಅಜ್ಜಿಯರ ಹತ್ತಿರ ಅಂಥ ಮಾತು ಎತ್ತಿದರೆ, ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ?"

ಆಗಲ್ಲ. ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. ಅಂಥ ಅಧ್ಯಯನಗಳನ್ನೆಲ್ಲ ಸೇರಿಸಿ 2014ರಲ್ಲಿ ಮಾಡಿದ ವಿಮರ್ಶೆಯಲ್ಲೂ, ಕೇಳಿದ್ದರಿಂದ ಆ ಯೋಚನೆ ಜಾಸ್ತಿಯಾದದ್ದು ಕಂಡಿಲ್ಲ. ಯೋಚನೆ ಇರುವವರಲ್ಲಿ ಅದು ಮೊದಲೇ ಇರುತ್ತದೆ. ಯಾರೂ ಕೇಳದಿದ್ದರೆ ಒಬ್ಬರೇ ಒಳಗೆ ಇಟ್ಟುಕೊಂಡಿರುತ್ತಾರೆ, ಅಷ್ಟೇ.

ನಮ್ಮ ಮನೆಗಳಲ್ಲಿ "ದೇವರು ಬೇಗ ಕರೆಸಿಕೊಂಡರೆ ಸಾಕಪ್ಪ" ಅನ್ನುವುದು ದಿನದ ಮಾತು. "ಸುಮ್ನಿರಮ್ಮ, ಏನೇನೋ ಮಾತಾಡಬೇಡ" ಅಂತ ಮಗ ಹೇಳುವುದು ಪ್ರೀತಿಯಿಂದಲೇ, ಆದರೆ ಮಾತು ಅಲ್ಲಿಗೇ ನಿಂತುಹೋಗುತ್ತದೆ. ಹೀಗೆ ಅನ್ನುವವರೆಲ್ಲ ಜೀವ ಕಳೆದುಕೊಳ್ಳಲು ಹೊರಟವರಲ್ಲ. ಮಂಡಿನೋವು, ನಿದ್ದೆಯಿಲ್ಲದ ರಾತ್ರಿ, ಬೇಸರ ಹಾಗೆ ಅನ್ನಿಸುತ್ತವೆ. ಆದರೆ ಯಾರದು ಬರೀ ಬೇಸರ, ಯಾರದು ಅಪಾಯ ಅಂತ ತಿಳಿಯುವುದಕ್ಕೆ ಮುಂದಿನ ಪ್ರಶ್ನೆ ಕೇಳಲೇಬೇಕು: "ನಿಮ್ಮ ಜೀವಕ್ಕೆ ನೀವೇ ಏನಾದರೂ ಮಾಡಿಕೊಳ್ಳಬೇಕು ಅಂತ ಅನ್ನಿಸಿದೆಯಾ?"

ಇದನ್ನು ಹಾಲ್‌ನಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಎದುರಿಗೆ ಕೇಳಿದರೆ ಬರುವ ಉತ್ತರ "ನನಗೇನಪ್ಪ ಕಮ್ಮಿ, ಎಲ್ಲರೂ ಚೆನ್ನಾಗಿ ನೋಡಿಕೊಳ್ತಾರೆ". ಜಗುಲಿಯಲ್ಲಿ ಒಬ್ಬರೇ ಇದ್ದಾಗ, ಊಟ ನಿದ್ದೆ, ತೀರಿಹೋದ ಸಂಗಾತಿ, ಪಿಂಚಣಿ ಎಲ್ಲ ಮಾತಾಡಿ ಆಮೇಲೆ ಕೇಳಿದರೆ ಉತ್ತರ ಬೇರೆಯೇ ಇರಬಹುದು. ಸಂಶೋಧನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಏಕಾಂತವೇ.

ಕಿರಿಯರಿಗೆ ಹೋಲಿಸಿದರೆ ಹಿರಿಯರ ಪ್ರಯತ್ನ ಸಾವಿನಲ್ಲಿ ಮುಗಿಯುವುದು ಬಹಳ ಹೆಚ್ಚು, ಹಾಗಾಗಿ ಎರಡನೇ ಅವಕಾಶ ಸಿಗುತ್ತದೆ ಅಂತ ಕಾಯುವಂತಿಲ್ಲ. ಇನ್ನೊಂದು ಕಡೆ, ಕೇಳುತ್ತಾ ಇದ್ದರೆ ಏನಾಗಬಹುದು ಅನ್ನುವುದಕ್ಕೆ ಇಟಲಿಯ ವೆನೆಟೊ ಪ್ರಾಂತ್ಯದ ಉದಾಹರಣೆ ಇದೆ. ಅಲ್ಲಿ ಹಿರಿಯರಿಗೆ ವಾರಕ್ಕೆ ಎರಡು ಸಲ ಫೋನ್ ಮಾಡಿ ವಿಚಾರಿಸುವ ಸೇವೆ ಇತ್ತು. 1988ರಿಂದ 1998ರವರೆಗೆ ಅದನ್ನು ಬಳಸಿದ 18,641 ಜನರಲ್ಲಿ ಸುಮಾರು 21 ಆತ್ಮಹತ್ಯೆ ಆಗಬಹುದು ಎಂಬ ಲೆಕ್ಕವಿತ್ತು, ಆದದ್ದು 6. ಲಾಭ ಕಂಡದ್ದು ಹೆಚ್ಚಾಗಿ ಹೆಂಗಸರಲ್ಲಿ. ಗಂಡಸರನ್ನು ಮುಟ್ಟುವುದು ಹೇಗೆ ಅನ್ನುವುದೇ ಈಗ ನನ್ನ ತಲೆ ಕೊರೆಯುವ ಪ್ರಶ್ನೆ.

"ಹೌದು" ಅಂದುಬಿಟ್ಟರೆ ಏನು ಮಾಡುವುದು? ಗಾಬರಿಯಾಗಬೇಡಿ, ಬುದ್ಧಿ ಹೇಳಬೇಡಿ. ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಟ್ಟು ಹೋಗಬೇಡಿ, ಅವತ್ತೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಇದನ್ನು ಓದುತ್ತಿರುವ ನಿಮಗೇ ಹಾಗೆ ಅನ್ನಿಸುತ್ತಿದ್ದರೂ ಅದೇ ನಂಬರ್.