ಬಿಎಫ್‌ಡಿ ಮುಚ್ಚುವ ಮುಂಚೆ

ಕಂಪೈಲರ್ ತಯಾರಿಸುವ ಆಬ್ಜೆಕ್ಟ್ ಫೈಲ್ (ಡಾಟ್ ಓ) ಒಳಗೆ ಏನಿದೆ ಅಂತ ನೋಡಬೇಕಾದರೆ ನಾವೆಲ್ಲ ಆಬ್ಜ್‌ಡಂಪ್ ಅಥವಾ ಎನ್‌ಎಂ ಓಡಿಸುತ್ತೇವೆ. ಎರಡರ ಒಳಗೂ ದುಡಿಯುವುದು ಒಂದೇ ಲೈಬ್ರರಿ, ಬಿಎಫ್‌ಡಿ (ಬೈನರಿ ಫೈಲ್ ಡಿಸ್ಕ್ರಿಪ್ಟರ್). ಗ್ನೂ ಬಿನ್‌ಯುಟಿಲ್ಸ್ ಜೊತೆಗೇ ಬರುತ್ತದೆ. ಡೀಬಗರ್ ಜಿಡಿಬಿ ಕೂಡ ಇದನ್ನೇ ಬಳಸುತ್ತದೆ. ಲಿನಕ್ಸ್‌ನ ಈಎಲ್‌ಎಫ್ ಫೈಲ್ ಆಗಲಿ, ವಿಂಡೋಸ್‌ನ ಪಿಇ ಫೈಲ್ ಆಗಲಿ, ನಾವು ಕರೆಯುವ ಫಂಕ್ಷನ್‌ಗಳು ಅವೇ. ನನಗೆ ಈ ಲೈಬ್ರರಿ ಮೇಲೆ ತುಂಬಾ ಅಕ್ಕರೆ.

ನಾನು ಚಿಕ್ಕಮಗಳೂರಿನಲ್ಲಿ ಮನೆಯಿಂದಲೇ ಫರ್ಮ್‌ವೇರ್ ಬರೆಯುತ್ತೇನೆ. ಈಗ ಕೈಯಲ್ಲಿರುವುದು ಕಣದಲ್ಲಿ ಒಣಗಲು ಹಾಕಿದ ಕಾಫಿಯ ತೇವಾಂಶ ನೋಡುವ ಪುಟ್ಟ ಬೋರ್ಡು. ಚಿಪ್‌ನಲ್ಲಿ ಫ್ಲ್ಯಾಶ್ 64 ಕೆಬಿ, ರ‍್ಯಾಮ್ 20 ಕೆಬಿ. ಎಲ್ಲವೂ ಅಷ್ಟರಲ್ಲೇ ಹಿಡಿಸಬೇಕು. ಹಾಗಾಗಿ ಪ್ರತಿ ಬಿಲ್ಡ್ ಆದ ಮೇಲೆ ಯಾವ ಡಾಟ್ ಓ ಫೈಲ್ ಎಷ್ಟು ಬೆಳೆಯಿತು ಅಂತ ಹೇಳುವ ಸಣ್ಣ ಸಿ ಪ್ರೋಗ್ರಾಂ ಒಂದನ್ನು ಇಟ್ಟುಕೊಂಡಿದ್ದೇನೆ. ಪಕ್ಕದ ಮನೆಯ ಹುಡುಗಿ ಎಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದಾಳೆ. ಭಾನುವಾರ ಬಂದು ಪಕ್ಕದಲ್ಲಿ ಕೂತು ಇದನ್ನೆಲ್ಲ ಕಲಿಯುತ್ತಾಳೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉಬುಂಟುವಿನಲ್ಲಿ ಬಿನ್‌ಯುಟಿಲ್ಸ್-ಡೆವ್ ಪ್ಯಾಕೇಜ್ ಹಾಕಿಕೊಳ್ಳಿ. ಬಿಎಫ್‌ಡಿ ಡಾಟ್ ಎಚ್ ಹೆಡರ್ ಸೇರಿಸಿದ ಕೂಡಲೇ, ಮೊದಲು ಕಾನ್ಫಿಗ್ ಡಾಟ್ ಎಚ್ ಸೇರಿಸು ಅಂತ ಕಂಪೈಲರ್ ತಕರಾರು ತೆಗೆಯುತ್ತದೆ. ಸಣ್ಣ ಪ್ರೋಗ್ರಾಂ ಆದರೆ ಆ ಹೆಡರ್ ಸಾಲಿನ ಮೇಲೆ ‘ಪ್ಯಾಕೇಜ್’ ಅನ್ನೋ ಮ್ಯಾಕ್ರೋ ಡಿಫೈನ್ ಮಾಡಿದರೆ ಸಾಕು, ಮುಂದೆ ಹೋಗುತ್ತದೆ.

ಮೊದಲು ಬಿಎಫ್‌ಡಿ_ಇನಿಟ್. ಆಮೇಲೆ ಬಿಎಫ್‌ಡಿ_ಓಪನ್‌ಆರ್. ಇದಕ್ಕೆ ಫೈಲ್ ಹೆಸರು ಮತ್ತು ಟಾರ್ಗೆಟ್ ಹೆಸರು ಕೊಡಬೇಕು. ಟಾರ್ಗೆಟ್ ಜಾಗದಲ್ಲಿ ನಲ್ ಕೊಟ್ಟರೆ ‘ಗ್ನೂಟಾರ್ಗೆಟ್’ ಎನ್‌ವಿರಾನ್ಮೆಂಟ್ ವೇರಿಯಬಲ್ ನೋಡುತ್ತದೆ. ಅದೂ ಇಲ್ಲದಿದ್ದರೆ ಡಿಫಾಲ್ಟ್. ವಾಪಸ್ ನಲ್ ಬಂದರೆ ಬಿಎಫ್‌ಡಿ_ಗೆಟ್_ಎರರ್ ಕೇಳಿ, ಬಿಎಫ್‌ಡಿ_ಎರ್‌ಎಂಎಸ್‌ಜಿ ಕೈಯಲ್ಲಿ ಅದನ್ನು ಓದುವ ಹಾಗೆ ಮಾಡಿಸಿಕೊಳ್ಳಿ.

ಓಪನ್ ಆಯ್ತು ಅಂದರೆ ಅದು ಆಬ್ಜೆಕ್ಟ್ ಫೈಲ್ ಅಂತ ಅರ್ಥ ಅಲ್ಲ. ಮದುವೆ ಫೋಟೋ ಕೊಟ್ಟರೂ ಓಪನ್‌ಆರ್ ಸುಮ್ನೆ ತೆರೆದು ಕೊಡುತ್ತದೆ. ಒಳಗೆ ಇಣುಕಿ ನೋಡುವುದು ಬಿಎಫ್‌ಡಿ_ಚೆಕ್_ಫಾರ್ಮ್ಯಾಟ್. ಅದನ್ನು ಕರೆಯುವವರೆಗೆ ಸೆಕ್ಷನ್‌ಗಳ (ಕೋಡ್, ಡೇಟಾ ಹೀಗೆ ಫೈಲಿನ ಭಾಗಗಳ) ಪಟ್ಟಿ ಖಾಲಿ. ಡಾಟ್ ಓ ಆದರೆ ‘ಆಬ್ಜೆಕ್ಟ್’ ಅಂತ ಕೇಳಬೇಕು, ಹಲವು ಡಾಟ್ ಓ ಒಟ್ಟಿಗೆ ಕಟ್ಟಿಟ್ಟ ಡಾಟ್ ಎ ಆದರೆ ‘ಆರ್ಕೈವ್’ ಅಂತ. ಇಲ್ಲಿ ಫೇಲ್ ಆದಾಗ ತುಂಬಾ ಜನ ನೇರ ರಿಟರ್ನ್ ಮಾಡಿಬಿಡುತ್ತಾರೆ. ಹಾಗೆ ಮಾಡಬೇಡಿ. ಫಾರ್ಮ್ಯಾಟ್ ಗೊತ್ತಾಗದಿದ್ದರೂ ಓಪನ್‌ಆರ್ ಕೊಟ್ಟ ಬಿಎಫ್‌ಡಿ (ಆ ಫೈಲಿನ ಹ್ಯಾಂಡಲ್‌ಗೂ ಇದೇ ಹೆಸರು) ತೆರೆದೇ ಇರುತ್ತದೆ, ಅದನ್ನು ಮುಚ್ಚಿಯೇ ಹೊರಗೆ ಬರಬೇಕು.

ನನ್ನ ಬೋರ್ಡು ಆರ್ಮ್, ಲ್ಯಾಪ್‌ಟಾಪ್ ಇಂಟೆಲ್. ಮಾಮೂಲಿ ಬಿಎಫ್‌ಡಿ ಆರ್ಮ್ ಫೈಲನ್ನು ಬರೀ ‘ಈಎಲ್‌ಎಫ್32-ಲಿಟಲ್’ ಅಂತ ಗುರುತಿಸುತ್ತದೆ. ಸೆಕ್ಷನ್ ಅಳತೆ ಸಿಗುತ್ತದೆ, ಯಾವ ಪ್ರೊಸೆಸರ್‌ದು ಅಂತ ಮಾತ್ರ ಗೊತ್ತಾಗಲ್ಲ. ಅಳತೆಯಷ್ಟೇ ಬೇಕಿದ್ದರೆ ಅಷ್ಟು ಸಾಕು. ಜಾಸ್ತಿ ಬೇಕಿದ್ದರೆ ಬೇರೆ ಪ್ರೊಸೆಸರ್‌ಗಳನ್ನೂ ಗುರುತಿಸುವ ಮಲ್ಟಿಆರ್ಚ್ ಪ್ಯಾಕೇಜ್ ಇದೆ.

ಇನ್ನು ಮುಚ್ಚುವುದು. ನನ್ನ ಪ್ರಕಾರ ಈ ಲೈಬ್ರರಿಯಲ್ಲಿ ಜಾಸ್ತಿ ಗಮನ ಬೇಡುವುದು ಬಿಎಫ್‌ಡಿ_ಕ್ಲೋಸ್. ಹುಡುಗಿ ಬರೆದಿದ್ದ ಕೋಡಿನಲ್ಲಿ ಎಲ್ಲಾ ಸೆಕ್ಷನ್ ಹೆಸರುಗಳ ಪಾಯಿಂಟರ್ ಒಂದು ಅರೇಯಲ್ಲಿ ಸೇರುತ್ತಿದ್ದವು. ಆಮೇಲೆ ಕ್ಲೋಸ್, ಆಮೇಲೆ ಪ್ರಿಂಟ್. “ಮುಚ್ಚಿದ ಮೇಲೆ ಮುಟ್ಟಬಾರದು” ಅಂದೆ.

“ಅಕ್ಕಾ, ಆದ್ರೂ ಹೆಸರು ಸರಿಯಾಗೇ ಬರ್ತಿದೆಯಲ್ಲ?” ಅಂದಳು.

ಒಳ್ಳೆ ಪ್ರಶ್ನೆ. ಬಿಎಫ್‌ಡಿ ತನ್ನ ಸೆಕ್ಷನ್, ಸಿಂಬಲ್ (ಫಂಕ್ಷನ್, ವೇರಿಯಬಲ್‌ಗಳ ಹೆಸರು) ಮಾಹಿತಿಯನ್ನೆಲ್ಲ ತನ್ನದೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಕ್ಲೋಸ್ ಮಾಡಿದಾಗ ಅದಷ್ಟೂ ಒಟ್ಟಿಗೆ ಫ್ರೀ ಆಗುತ್ತದೆ. ಫ್ರೀ ಆದ ಜಾಗದಲ್ಲಿ ಹಳೆಯ ಬೈಟ್‌ಗಳು ಕೆಲವು ಸಲ ಹಾಗೇ ಉಳಿದಿರುತ್ತವೆ. ಯಾರಾದರೂ ಅದರ ಮೇಲೆ ಬರೆಯುವವರೆಗೆ ಹೆಸರು ಸರಿಯಾಗೇ ಕಾಣುತ್ತದೆ. ಅದೇ ಕೋಡನ್ನು ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿ ಮತ್ತೆ ಕಂಪೈಲ್ ಮಾಡಿಸಿದೆ. ಮೊದಲ ಪ್ರಿಂಟ್‌ನಲ್ಲೇ ಕೆಂಪು ಅಕ್ಷರದಲ್ಲಿ ಬಂತು, ಫ್ರೀ ಆದ ಮೆಮೊರಿ ಓದುತ್ತಿದ್ದೀಯ ಅಂತ. ಎಲ್ಲಿ ಫ್ರೀ ಆಯ್ತು ಅಂತ ಕೆಳಗೆ ಪಟ್ಟಿ ಇತ್ತು. ಅದರಲ್ಲಿ ಬಿಎಫ್‌ಡಿ_ಕ್ಲೋಸ್ ಕರೆದ ಅವಳದೇ ಸಾಲಿನ ನಂಬರ್. ಅವಳು ಅದನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಬೇಕಾದ ಹೆಸರುಗಳನ್ನು ಮುಚ್ಚುವ ಮುಂಚೆ ಎಸ್‌ಟಿಆರ್‌ಡಪ್‌ನಿಂದ ನಕಲು ಮಾಡಿಟ್ಟುಕೊಂಡರೆ ಮುಗಿಯಿತು.

ಸಿಂಬಲ್ ಟೇಬಲ್‌ನಲ್ಲಿ ಒಂದು ಸೂಕ್ಷ್ಮ ಇದೆ. ಎಷ್ಟು ಜಾಗ ಬೇಕು ಅಂತ ಕೇಳಿ ಅರೇಗೆ ನಾವೇ ಮ್ಯಾಲಕ್ ಮಾಡುತ್ತೇವೆ, ಹಾಗಾಗಿ ಅದನ್ನು ಫ್ರೀ ಮಾಡುವುದು ನಮ್ಮ ಕೆಲಸ. ಆದರೆ ಅದರೊಳಗಿನ ಪಾಯಿಂಟರ್‌ಗಳು ತೋರಿಸುವ ಸಿಂಬಲ್‌ಗಳು ಬಿಎಫ್‌ಡಿಯವು. ಅವುಗಳಿಗೆ ಕೈ ಹಚ್ಚಬಾರದು.

ಫೈಲ್ ಡಿಸ್ಕ್ರಿಪ್ಟರ್ ಕೊಟ್ಟು ಬಿಎಫ್‌ಡಿ_ಎಫ್‌ಡಿಓಪನ್‌ಆರ್ ಮೂಲಕ ತೆರೆದಿದ್ದರೆ, ಕ್ಲೋಸ್ ಆ ಡಿಸ್ಕ್ರಿಪ್ಟರನ್ನೂ ಮುಚ್ಚುತ್ತದೆ. ಮತ್ತೆ ನೀವು ಮುಚ್ಚಲು ಹೋದರೆ ಅಷ್ಟರಲ್ಲಿ ಅದೇ ನಂಬರ್ ಬೇರೆ ಫೈಲಿಗೆ ಸಿಕ್ಕಿರಬಹುದು. ಇಂಥ ತೊಂದರೆ ಹುಡುಕುವುದು ಬಹಳ ಕಷ್ಟ.

ಬರೆಯಲು ತೆರೆದ ಫೈಲಿನ ವಿಷಯ ಬೇರೆ. ಬಿಎಫ್‌ಡಿ_ಓಪನ್‌ಡಬ್ಲ್ಯೂ ಆದ ಮೇಲೆ ಸೆಕ್ಷನ್ ಸೇರಿಸುತ್ತೀರಿ, ಒಳಗಿನ ಡೇಟಾ ಕೊಡುತ್ತೀರಿ. ಎಲ್ಲಾ ಕಡೆ ಸರಿ ಅಂತಲೇ ಉತ್ತರ ಬರಬಹುದು. ಆದರೆ ಬಾಕಿ ಇರುವ ಬರವಣಿಗೆಯೆಲ್ಲ ಮುಗಿಯುವುದು ಕ್ಲೋಸ್‌ನಲ್ಲೇ. ಎಕ್ಸಿಕ್ಯೂಟಬಲ್ ಆಗಿದ್ದರೆ ಓಡಿಸುವ ಪರ್ಮಿಷನ್ ಕೊಡುವುದೂ ಅಲ್ಲೇ. ಹಾಗಾಗಿ ಕ್ಲೋಸ್ ಕೊಡುವ ಉತ್ತರವನ್ನು ನೋಡಲೇಬೇಕು. ಕೆಲವೇ ಕೆಬಿಯ, ಮೆಮೊರಿಯಲ್ಲೇ ಇರುವ ಫೈಲ್ ಸಿಸ್ಟಮ್ ಆದ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ ಅದರೊಳಗೆ ಬರೆಸಿ ನೋಡಿ. ಜಾಗ ಸಾಲದ ವಿಷಯ ಎಷ್ಟೋ ಸಲ ಗೊತ್ತಾಗುವುದೇ ಮುಚ್ಚುವಾಗ. ಆ ಉತ್ತರವನ್ನು ಬಿಸಾಡಿದ ಪ್ರೋಗ್ರಾಂ ಅರ್ಧಂಬರ್ಧ ಫೈಲ್ ಬಿಟ್ಟು ‘ಆಯ್ತು’ ಅನ್ನುತ್ತದೆ. ಆ ಫೈಲನ್ನು ಬೋರ್ಡಿಗೆ ಹಾಕಿ ಕಣಕ್ಕೆ ಕಳಿಸಿದರೆ ಕಷ್ಟ ನಮಗಲ್ಲ, ಮೋಡ ನೋಡಿಕೊಂಡು ನಿಂತ ಬೆಳೆಗಾರರಿಗೆ.

ನಡುವೆ ಏನೋ ಕೆಟ್ಟು ಫೈಲೇ ಬೇಡ ಅನಿಸಿದರೆ ಬಿಎಫ್‌ಡಿ_ಕ್ಲೋಸ್_ಆಲ್_ಡನ್ ಇದೆ. ಬಾಕಿ ಕೆಲಸ ಪೂರ್ತಿ ಮಾಡದೆ ಮುಚ್ಚುತ್ತದೆ. ಆಬ್ಜೆಕ್ಟ್ ಫೈಲ್ ನಕಲು ಮಾಡುವ ಆಬ್ಜ್‌ಕಾಪಿ ಕೂಡ ಕೆಲಸ ಕೆಟ್ಟಾಗ ಇದನ್ನೇ ಕರೆದು, ಬರೆದಷ್ಟನ್ನು ಅಳಿಸಿಬಿಡುತ್ತದೆ.

ತುಂಬಾ ಫೈಲ್ ಒಟ್ಟಿಗೆ ತೆರೆಯುವವರು ಇದನ್ನೂ ತಿಳಿದಿರಬೇಕು. ಬಿಎಫ್‌ಡಿಗೆ ಒಂದು ಕ್ಯಾಶ್ ಇದೆ. ಮಿತಿ ದಾಟಿದರೆ ಬಹಳ ಹೊತ್ತಿನಿಂದ ಮುಟ್ಟದ ಫೈಲನ್ನು ಸದ್ದಿಲ್ಲದೆ ಮುಚ್ಚಿ, ಬೇಕಾದಾಗ ಅದೇ ಹೆಸರಿನಿಂದ ಮತ್ತೆ ತೆರೆಯುತ್ತದೆ. ನಡುವೆ ಇನ್ನೊಂದು ಟರ್ಮಿನಲ್‌ನಲ್ಲಿ ಮೇಕ್ ಓಡಿಸಿದರೆ ಆ ಹೆಸರಿನಲ್ಲಿ ಸಿಗುವುದು ಹೊಸ ಫೈಲ್. ಬಿಲ್ಡ್ ಮುಗಿದ ಮೇಲೆಯೇ ಓದಿ.

ಇನ್ನು ಆರ್ಕೈವ್. ಅದರೊಳಗಿನ ಒಂದೊಂದು ಡಾಟ್ ಓ ಒಬ್ಬ ಸದಸ್ಯ. ಮುಂದಿನ ಸದಸ್ಯನನ್ನು ಕೇಳುವ ಫಂಕ್ಷನ್‌ಗೆ ಹಿಂದಿನ ಸದಸ್ಯನನ್ನೇ ಕೊಡಬೇಕು. ಓದಿ ಮುಗಿಯಿತು ಅಂತ ಹಿಂದಿನದನ್ನು ಆಗಲೇ ಮುಚ್ಚಿದ್ದರೆ ಕೊಡಲು ಏನೂ ಇರಲ್ಲ. ಎನ್‌ಎಂ ಸೋರ್ಸ್ ತೆರೆದು ನೋಡಿ, ಮುಂದಿನದು ಕೈಗೆ ಬಂದ ಮೇಲೆಯೇ ಅದು ಹಿಂದಿನದನ್ನು ಮುಚ್ಚುತ್ತದೆ. ಕೊನೆಗೆ ‘ಇನ್ನು ಸದಸ್ಯರಿಲ್ಲ’ ಅನ್ನೋ ಎರರ್ ಬಂದರೆ ಅದು ತಪ್ಪಲ್ಲ, ಲೂಪ್ ಮುಗಿದ ಗುರುತು. ಆಗ ಉಳಿದ ಕೊನೆಯ ಸದಸ್ಯನನ್ನು ಮುಚ್ಚಿ, ಆಮೇಲೆ ಆರ್ಕೈವ್ ಮುಚ್ಚಿ.