ರಾತ್ರಿ ಜೊತೆಗಿದ್ದವರು ಯಾರು?

ಕೊನೆಗಾಲದ ಆರೈಕೆ ಹೇಗಿತ್ತು ಎಂದು ಮನೆಯವರನ್ನು ಕೇಳುವ ಸಮೀಕ್ಷೆ ಕೈಗೆ ಬಂದರೆ, ಉತ್ತರ ಕೊಟ್ಟವರು ಯಾರೆಂದು ಮೊದಲು ನೋಡಬೇಕು. ಇಂಗ್ಲೆಂಡಿನಲ್ಲಿ 2011ರಿಂದ 2015ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಶ್ನಾವಳಿ ಹೋದದ್ದು ಸಾವನ್ನು ನೋಂದಾಯಿಸಿದವರ ವಿಳಾಸಕ್ಕೆ. ಅರ್ಧಕ್ಕಿಂತ ಹೆಚ್ಚು ಜನ ತಿರುಗಿ ಕಳಿಸಲಿಲ್ಲ.

ನಮ್ಮ ಕಲಬುರಗಿ ಕಡೆ ಆಸ್ಪತ್ರೆಯ ಫೈಲಿನಲ್ಲಿ ಸಿಗುವುದು ಹೆಚ್ಚಾಗಿ ಪುಣೆಯಲ್ಲೋ ಹೈದರಾಬಾದಿನಲ್ಲೋ ದುಡಿಯುವ ಮಗನ ನಂಬರ್. ‘ಎಲ್ಲಾ ಚೊಲೋ ನೋಡ್ಕೊಂಡ್ರು ಸರ್’ ಅಂದು ಫೋನ್ ಇಡುತ್ತಾನೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿದ, ಮಾರ್ಫಿನ್ ಗುಳಿಗೆಯ ಹಿಡಿತ ಎಷ್ಟು ಹೊತ್ತಿಗೆ ಬಿಡುತ್ತಿತ್ತೆಂದು ಬಲ್ಲ ಸೊಸೆಯನ್ನು ಯಾರೂ ಕೇಳುವುದಿಲ್ಲ. ಇದು ದೊಡ್ಡ ಅನ್ಯಾಯ.

ದಾಖಲು ಮಾಡಿಕೊಳ್ಳುವಾಗಲೇ ‘ರಾತ್ರಿ ಜೋಡಿ ಯಾರ ಇರ್ತಾರ?’ ಎಂದು ಕೇಳಿ ಆ ನಂಬರನ್ನೂ ಬರೆದುಕೊಳ್ಳಿ. ಫೋನ್ ಮಾಡುವುದು ಸಾವಾಗಿ ಮೂರು ತಿಂಗಳಾದ ಮೇಲೆ. ಇದ್ದತ್‌ನಲ್ಲಿರುವವರಿಗೆ, ಅಂದರೆ ಗಂಡ ತೀರಿದ ಮೇಲೆ ಶೋಕದ ಅವಧಿ ಕಳೆಯುತ್ತಿರುವ ಮುಸ್ಲಿಂ ಹೆಣ್ಣುಮಕ್ಕಳಿಗೆ, ನಾಲ್ಕು ತಿಂಗಳು ಹತ್ತು ದಿನ ಕಳೆಯಲಿ. ತೊಗರಿ ರಾಶಿಯ ದಿನಗಳಲ್ಲಿ ಹಗಲು ಯಾರೂ ಸಿಗರು, ಸಂಜೆ ಏಳರ ಮೇಲೆ ಮಾಡಿ. ಬೀದರಿಗೆ ಮರಾಠಿ, ಯಾದಗಿರಿಯ ಗಡಿಗೆ ತೆಲುಗು, ಎಲ್ಲ ಕಡೆಗೂ ದಖನಿ ಉರ್ದು ಬಲ್ಲವರು ಬೇಕು.

ಸಿಗದವರು, ಒಲ್ಲೆ ಅಂದವರು, ನಂಬರ್ ತಪ್ಪಿದವರು, ಮೂರಕ್ಕೂ ಬೇರೆ ಬೇರೆ ಕಾಲಂ ಇಡಿ. ಪ್ರತಿ ಹೆಸರಿನ ಎದುರಿಗೆ, ತೀರಿಕೊಂಡವರ ವಯಸ್ಸು, ಊರು, ಪ್ರಾಣ ಹೋದ ಜಾಗ ಬರೆಯಿರಿ. ಸಿಗದವರ ಕಾಲಂನಲ್ಲಿ ಒಂದೇ ತಾಲ್ಲೂಕು ಮತ್ತೆ ಮತ್ತೆ ಕಂಡರೆ, ಅಲ್ಲಿಗೆ ಮನೆಗೇ ಹೋಗಿ ಕೂತು ಕೇಳಬೇಕು.